ಅಪ್‌ಡೇಟ್: ಕಂಪ್ಯೂಟರ್ ಸೈನ್ಸ್ ಮೊದಲ ವರ್ಷ ಮುಗೀತು

ಕೋಡಿಂಗ್ ಗಂಧಗಾಳಿ ಇಲ್ಲದೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಲ್ಲಿ ಸಿಎಸ್ ಸೇರಿದ್ದೀನಿ, ಮೊದಲ ವರ್ಷ ಹೇಗಿರುತ್ತೆ ಅಂತ ಹೋದ ವರ್ಷ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ನೀವು ಹೇಳಿದ ಹಾಗೇ ಆಯ್ತು. ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್ (ಫಿಸಿಕ್ಸ್ ಇರೋ ವಿಷಯಗಳ ಗುಂಪು), ಇನ್ನೊಂದು ಕೆಮಿಸ್ಟ್ರಿ ಸೈಕಲ್. ಎರಡರಲ್ಲೂ ಗಣಿತ ಇದ್ದೇ ಇರುತ್ತೆ, ಸಾಫ್ಟ್‌ವೇರ್ ಅನ್ನೋದು ತೀರಾ ಕಡಿಮೆ. ಇಂಟರ್ನಲ್ಸ್‌ಗೆ, ಅಂದ್ರೆ ಕಾಲೇಜಲ್ಲೇ ನಡೆಯೋ ಮೌಲ್ಯಮಾಪನಕ್ಕೆ, 50 ಅಂಕ, ಅದನ್ನ ಹಗುರವಾಗಿ ತಗೋಬೇಡಿ.

ನನ್ನನ್ನ ನಿಜವಾಗಿ ಕಾಡಿದ್ದು ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್. ಒಂದು ಮಧ್ಯಾಹ್ನವಿಡೀ ಪ್ರೋಗ್ರಾಂ ಕಂಪೈಲ್ ಆಗ್ತಿತ್ತು, ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದ ತಕ್ಷಣ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಂತುಹೋಗೋದು). ಸೆಮಿಕೋಲನ್, ಬ್ರಾಕೆಟ್ ಎಲ್ಲಾ ಹತ್ತು ಸಲ ನೋಡಿದೆ. ಕೊನೆಗೆ ಪಕ್ಕದ ಹುಡುಗಿ ಬೆರಳಿಟ್ಟು ತೋರಿಸಿದ್ಳು: ಟೈಪ್ ಮಾಡಿದ್ದನ್ನ ಓದೋ ಸ್ಕ್ಯಾನ್‌ಎಫ್‌ನಲ್ಲಿ (scanf) ವೇರಿಯಬಲ್ ಹೆಸರಿಗೆ ಮೊದಲು & ಇಲ್ಲ. ಬೆಲೆ ಎಲ್ಲಿ ಇಡಬೇಕು ಅನ್ನೋ ವಿಳಾಸವನ್ನೇ ನಾನು ಕೊಟ್ಟಿರಲಿಲ್ಲ! ಪಾಯಿಂಟರ್ (ಮೆಮೊರಿ ವಿಳಾಸ ಇಟ್ಕೊಳ್ಳೋ ವೇರಿಯಬಲ್) ಅಂದ್ರೇನು ಅಂತ ನನಗೆ ಅರ್ಥವಾಗಿದ್ದು ಆವತ್ತೇ. (ಕಂಪೈಲರ್ ಕೊಡೋ ವಾರ್ನಿಂಗ್‌ಗಳನ್ನ ದಯವಿಟ್ಟು ಓದಿ. ಅದು ಮೊದಲೇ ಹೇಳಿತ್ತು.)

ಎರಡೂ ಸೆಮಿಸ್ಟರ್ ಪಾಸಾಗಿದ್ದೀನಿ, ಬ್ಯಾಕ್‌ಲಾಗ್ (ಬಾಕಿ ಉಳಿದ ವಿಷಯ) ಇಲ್ಲ. ಮುಂದಿನ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನ ಜೋಡಿಸಿಡೋ ವಿಧಾನಗಳು) ಇದೆ. ಈಗ ರಜೆಯಲ್ಲಿ ದಿನಾ ಬೆಳಿಗ್ಗೆ ಅದರಲ್ಲೊಂದಾದ ಲಿಂಕ್ಡ್ ಲಿಸ್ಟ್ (ಒಂದು ಇನ್ನೊಂದರ ವಿಳಾಸ ಹಿಡಿದಿರೋ ಸರಪಳಿ) ಚಿತ್ರ ಬರೆದು, ಆಮೇಲೆ ಕೋಡ್ ಬರೀತಿದ್ದೀನಿ.