ಮೂಲಭೂತವಾದ ಅಳೆಯುವ ಪ್ರಶ್ನಾವಳಿ: ಹಿಂದೂ, ಮುಸ್ಲಿಂ ಸರಾಸರಿ ಹೋಲಿಸಬಹುದೇ?

ಪ್ರಶ್ನೆ (ಎಂಎ ಮನೋವಿಜ್ಞಾನ)
ಮನೋವಿಜ್ಞಾನಿಗಳಾದ ಆಲ್ಟಮೇಯರ್ ಮತ್ತು ಹನ್ಸ್‌ಬರ್ಗರ್ 2004ರಲ್ಲಿ ಪರಿಷ್ಕರಿಸಿದ, ಧಾರ್ಮಿಕ ಮೂಲಭೂತವಾದ ಅಳೆಯುವ 12 ಹೇಳಿಕೆಗಳ ಮಾಪನವನ್ನು ಕನ್ನಡಕ್ಕೆ ತಂದು ಹಿಂದೂ, ಮುಸ್ಲಿಂ ವಿದ್ಯಾರ್ಥಿಗಳಿಗೆ ಕೊಡಬೇಕೆಂದಿದ್ದೇನೆ. ಸರಾಸರಿ ಹೋಲಿಸಿ ಯಾರಲ್ಲಿ ಪೂರ್ವಗ್ರಹ ಜಾಸ್ತಿ ಎನ್ನಬಹುದೇ? ಅಂಕ ಹಾಕುವುದು ಹೇಗೆ?

ಉತ್ತರ 1
ಪ್ರತಿ ಹೇಳಿಕೆಗೂ −4ರಿಂದ (ಸ್ವಲ್ಪವೂ ಒಪ್ಪುವುದಿಲ್ಲ) +4 (ಪೂರ್ತಿ ಒಪ್ಪುತ್ತೇನೆ). ಎಲ್ಲಕ್ಕೂ 5 ಕೂಡಿಸಿ, 1ರಿಂದ 9 ಆಗುತ್ತದೆ. ವಿರುದ್ಧ ದಿಕ್ಕಿನ, ಅಂದರೆ ಒಪ್ಪಿದರೆ ಮೂಲಭೂತವಾದ ಕಡಿಮೆ ಎಂದಾಗುವ, ಹೇಳಿಕೆಗಳ ಅಂಕವನ್ನು 10ರಿಂದ ಕಳೆಯಿರಿ. ಒಟ್ಟು 12ರಿಂದ 108. ಈ ತಿರುಗಿಸುವಿಕೆ ಮರೆತರೆ ಲೆಕ್ಕವೆಲ್ಲ ಹಾಳು.

ಉತ್ತರ 2
ಸರಾಸರಿ ಹೋಲಿಕೆ ದಯವಿಟ್ಟು ಬೇಡ. ಒಂದು ಹೇಳಿಕೆ ಕೆಡುಕಿಗೆಲ್ಲ ಸೈತಾನನೇ ಮೂಲ ಎನ್ನುತ್ತದೆ. ಮುಸ್ಲಿಂ ವಿದ್ಯಾರ್ಥಿಗೆ ಅದು ಪರಿಚಿತ ಮಾತು. ಕರ್ಮ, ಅವಿದ್ಯೆ ಎಂದು ಕೇಳಿ ಬೆಳೆದವರು ಅಲ್ಲಿ ಸೊನ್ನೆ (ಒಪ್ಪಿಗೆಯೂ ಅಲ್ಲ, ವಿರೋಧವೂ ಅಲ್ಲ) ಹಾಕಬಹುದು. ಇನ್ನೊಂದು, ಯಾವ ಒಂದೇ ಗ್ರಂಥದಲ್ಲೂ ಸತ್ಯವೆಲ್ಲ ಅಡಗಿಲ್ಲ ಎಂಬುದು. ಹಿಂದೂಗಳಲ್ಲಿ ಬಹಳ ಮಂದಿ ಅದನ್ನು ಕಣ್ಣುಮುಚ್ಚಿ ಒಪ್ಪುತ್ತಾರೆ, ಅಂಕ ಇಳಿಯುತ್ತದೆ. ಹಾಗೆ ಒಪ್ಪಿದವರೇ ಬೇರೆ ಜಾತಿಯವರಿಗೆ ಮನೆ ಬಾಡಿಗೆಗೆ ಕೊಡದಿರಬಹುದು. ಆ ಪೂರ್ವಗ್ರಹ ಈ ಮಾಪನದ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರತಿ ಗುಂಪಿನ ಒಳಗೇ ಸಹಸಂಬಂಧ (ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚುತ್ತದೆಯೇ ಎಂಬುದು) ನೋಡಿ. ಹನ್ಸ್‌ಬರ್ಗರ್ 1996ರಲ್ಲಿ ಕೆನಡಾದ ಹಿಂದೂ, ಮುಸ್ಲಿಂ, ಯಹೂದಿಗಳ ವಿಷಯದಲ್ಲಿ ಮಾಡಿದ್ದು ಅದನ್ನೇ: ಮೂಲಭೂತವಾದ, ಸರ್ವಾಧಿಕಾರಿ ಮನೋಭಾವ (ಅಧಿಕಾರಕ್ಕೆ ತಲೆಬಾಗಿ, ರೂಢಿ ಮೀರಿದವರ ಮೇಲೆ ಕಠಿಣವಾಗುವ ಒಲವು), ಸಲಿಂಗಿಗಳ ಮೇಲಿನ ಹಗೆ, ಇವು ಒಟ್ಟಿಗೆ ಹೋಗುತ್ತವೆಯೇ ಎಂದು.

ಉತ್ತರ 3
ಪೂರ್ವಗ್ರಹಕ್ಕೆ ಪ್ರತ್ಯೇಕ ಅಳತೆ ಬೇಕೇ ಬೇಕು. ಬೊಗಾರ್ಡಸ್‌ನ ಸಾಮಾಜಿಕ ಅಂತರದ ಮೆಟ್ಟಿಲುಗಳು (ಬೇರೆ ಗುಂಪಿನವರನ್ನು ಎಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತೀರಿ ಎಂಬ ಅಳತೆ) ಇಲ್ಲಿಗೆ ಚೆನ್ನಾಗಿ ಹೊಂದುತ್ತವೆ: ಮದುವೆ ಸಂಬಂಧ, ಗೆಳೆತನ, ನೆರೆಮನೆ, ಜೊತೆ ಕೆಲಸ, ಹೀಗೆ. ಧರ್ಮದ ಜೊತೆ ಜಾತಿಯನ್ನೂ ಕೇಳಿ.

ಸರ್ವಾಧಿಕಾರಿ ಮನೋಭಾವವನ್ನೂ ಅಳೆದು ರಿಗ್ರೆಷನ್‌ಗೆ (ಪ್ರತಿ ಅಂಶದ ಪ್ರಭಾವವನ್ನು ಬೇರೆ ಬೇರೆಯಾಗಿ ತೋರಿಸುವ ಲೆಕ್ಕಕ್ಕೆ) ಸೇರಿಸಿ. ಲೇಥ್, ಫಿಂಕೆಲ್, ಕರ್ಕ್‌ಪ್ಯಾಟ್ರಿಕ್ 2001ರಲ್ಲಿ ಅಮೆರಿಕದಲ್ಲಿ ಹೀಗೆ ಮಾಡಿದಾಗ, ಮೂಲಭೂತವಾದ ಮತ್ತು ಜನಾಂಗೀಯ ಪೂರ್ವಗ್ರಹದ ನಂಟು ತಿರುಗುಮುರುಗಾಯಿತು, ಅಂದರೆ ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಯಿತು. ಸಲಿಂಗಿಗಳ ಬಗೆಗಿನದು ಮಾತ್ರ ಉಳಿಯಿತು. ಭಕ್ತಿ ಹೆಚ್ಚಾದರೆ ದ್ವೇಷವೂ ಹೆಚ್ಚು ಎಂದು ಬರೆದುಬಿಡುವುದು ಭಕ್ತರಿಗೆ ಮಾಡುವ ಅನ್ಯಾಯ.

ಪ್ರಶ್ನೆ ಕೇಳಿದವರು
‘ಇಲ್ಲ’ ಎಂದು ಮುಗಿಯುವ ಹೇಳಿಕೆಗೆ ‘ಒಪ್ಪುವುದಿಲ್ಲ’ ಎಂದರೆ ಗೊಂದಲವಾಗುವುದಿಲ್ಲವೇ?

ಉತ್ತರ 2
ಆಗುತ್ತದೆ, ಕನ್ನಡದಲ್ಲಿ ಅನುವಾದ ಕೆಡುವುದೇ ಅಲ್ಲಿ. ‘ಸತ್ಯ ಬೇರೆ ಬೇರೆ ಧರ್ಮಗ್ರಂಥಗಳಲ್ಲಿ ಹಂಚಿಹೋಗಿದೆ’ ಎಂಬಂತೆ ನೇರ ವಾಕ್ಯ ಮಾಡಿ. ಮೂಲ ನೋಡದ ಒಬ್ಬರಿಂದ ಮತ್ತೆ ಇಂಗ್ಲಿಷ್‌ಗೆ ತಿರುಗಿಸಿ ಹೋಲಿಸಿ. ಆಮೇಲೆ ಹತ್ತು ಹದಿನೈದು ಮಂದಿಯನ್ನು ಕೂರಿಸಿಕೊಂಡು, ಓದುತ್ತಾ ಅರ್ಥವಾದದ್ದನ್ನು ಗಟ್ಟಿಯಾಗಿ ಹೇಳಲು ಹೇಳಿ. ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳೆಲ್ಲ ಒಂದನ್ನೇ ಅಳೆಯುತ್ತಿವೆಯೇ ಎಂದು ತೋರಿಸುವ ಅಂಕಿ) 0.7ಕ್ಕಿಂತ ಕೆಳಗಿಳಿದರೆ ಮೊದಲು ಈ ವಿರುದ್ಧ ದಿಕ್ಕಿನ ಹೇಳಿಕೆಗಳನ್ನೇ ಪರೀಕ್ಷಿಸಿ.