ಅಪ್‌ಡೇಟ್: ಸಂದರ್ಶನದಲ್ಲಿ ದೇವರು, ಪಕ್ಷ ಅಂತ ಕೇಳಿದ್ದರಲ್ಲ, ಅದರ ಮುಂದಿನ ಕಥೆ

ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ಸಮಿತಿಯ ಒಬ್ಬರು ನನ್ನ ಪ್ರಾರ್ಥನೆ, ನನ್ನ ವೋಟು ಎರಡನ್ನೂ ಕೆದಕಿದ್ದರು. ದೂರು ಕೊಡಲೇ ಅಂತ ಹಿಂದಿನ ಪೋಸ್ಟಿನಲ್ಲಿ ನಿಮ್ಮನ್ನು ಕೇಳಿದ್ದೆ. ಹುದ್ದೆ ಸಿಗಲಿಲ್ಲ, ದೂರು ಕೊಟ್ಟೆ.

"ಸಾಕ್ಷಿ ಎಲ್ಲಿದೆ?" ಎಂದು ಸುಮಾರು ಜನ ಕೇಳಿದ್ದಿರಿ. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಅಂಕಪಟ್ಟಿ ಕೇಳಿ ತರಿಸಿಕೊಂಡೆ. ಸಂಶೋಧನೆಗೂ ಪಾಠಕ್ಕೂ ಒಳ್ಳೆಯ ಅಂಕ ಇದೆ. ಅಂಕ ಕಡಿಮೆಯಾಗಿರುವುದು "ವಿಭಾಗಕ್ಕೆ ಹೊಂದಿಕೆ" ಎಂಬ ಕಾಲಂನಲ್ಲಿ ಮಾತ್ರ. ಅದಕ್ಕೆ ಕಾರಣ ಬರೆದಿಲ್ಲ. ಈ ಕಾಲಂ ಇರುವುದೇ ಇಂಥದ್ದಕ್ಕೆ ಅನಿಸುತ್ತದೆ. ಆಸ್ತಿಕನಾಗಲಿ ನಾಸ್ತಿಕನಾಗಲಿ, ಎಡವಾಗಲಿ ಬಲವಾಗಲಿ, ಬೇಡದವರನ್ನು ಸುಮ್ನೆ ಇಲ್ಲಿ ಇಳಿಸಿಬಿಡಬಹುದು, ಅಲ್ವಾ?

ಒಬ್ಬರು ಹೇಳಿದ ಮಾರ್ಟಿನ್ ಗ್ಯಾಸ್ಕೆಲ್ ಪ್ರಕರಣವನ್ನೂ ಓದಿದೆ. ಅವರು ಖಗೋಳ ವಿಜ್ಞಾನಿ. 2007ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವೀಕ್ಷಣಾಲಯದ ನಿರ್ದೇಶಕ ಹುದ್ದೆಗೆ ಅರ್ಜಿ ಹಾಕಿದ್ದರು. ಅವರ ಧರ್ಮನಂಬಿಕೆಯ ಬಗ್ಗೆ ಸಮಿತಿಯವರು ಈಮೇಲ್‌ಗಳಲ್ಲೇ ಚರ್ಚಿಸಿದ್ದರು! ಹುದ್ದೆ ಸಿಗದೆ ಅವರು ಹಾಕಿದ ಕೇಸಿಗೆ ಬಲ ಬಂದದ್ದೇ ಆ ಈಮೇಲ್‌ಗಳಿಂದ. 2011ರಲ್ಲಿ 1,25,000 ಡಾಲರ್‌ಗೆ ರಾಜಿಯಾಯಿತು. ವಿಶ್ವವಿದ್ಯಾಲಯ ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ನನ್ನ ಬಳಿ ಅಂಥ ಈಮೇಲ್ ಇಲ್ಲ. ಆದ್ದರಿಂದ ಕೋರ್ಟಿಗೆ ಹೋಗುತ್ತಿಲ್ಲ.

ದೂರಿಗೆ ಉತ್ತರ ಬಂದಿದೆ. ಮುಂದೆ ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಬರೆದಿಟ್ಟ ಒಂದೇ ಪ್ರಶ್ನೆಗಳಂತೆ. ಕಡಿಮೆ ಅಂಕ ಕೊಟ್ಟರೆ ಕಾರಣ ಬರೆಯಬೇಕಂತೆ. ನನಗೆ ಮರುಸಂದರ್ಶನ ಇಲ್ಲ.

ಬೇರೆ ಕಡೆ ಅರ್ಜಿ ಹಾಕಿದ್ದೇನೆ. ಸಿವಿಯಿಂದ ಧಾರ್ಮಿಕ ಸಂಘದ ಸಾಲು ತೆಗೆದುಬಿಡು ಅಂತ ಗೆಳೆಯರು ಹೇಳಿದರು. ತೆಗೆದಿಲ್ಲ. ದೂರಿನ ಕರಡು ಬೇಕಿದ್ದವರು ಕೇಳಿ, ಹೆಸರು ಅಳಿಸಿ ಕಳಿಸುತ್ತೇನೆ.