ವಾರ್ಫರಿನ್ ಎಂಬ ಹೆಸರಿನಲ್ಲಿ ಯುದ್ಧವಿದೆಯೇ?

ಪ್ರಶ್ನೆ (ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು): ಹೃದಯದ ವಾಲ್ವ್ ಬದಲಿಸಿದ ಮೇಲೆ ನಮ್ಮ ಅಪ್ಪಯ್ಯನಿಗೆ ದಿನವೂ ಸಂಜೆ ವಾರ್ಫರಿನ್ ಮಾತ್ರೆ ಕೊಡುತ್ತಿದ್ದೇವೆ. ಮಂಡಿಯಲ್ಲಿ ಸಿಕ್ಕ ಪರಿಚಿತರೊಬ್ಬರು, ಅದು ಇಲಿ ಪಾಷಾಣವೆಂದೂ ಇಲಿಗಳ ಮೇಲೆ ಸಾರಿದ ‘ವಾರ್’ನಿಂದಲೇ ಆ ಹೆಸರು ಬಂದಿತೆಂದೂ ಹೇಳಿದರು. ಅಂದಿನಿಂದ ಅಪ್ಪಯ್ಯ ಮಾತ್ರೆ ಬೇಡವೆಂದು ಹಟ ಹಿಡಿದಿದ್ದಾರೆ. ಇದು ನಿಜವೇ ಸರ್?

ಉತ್ತರ (ಔಷಧಶಾಸ್ತ್ರದ ಅಧ್ಯಾಪಕರು, ಶಿವಮೊಗ್ಗ): ಮೊದಲಿಗೆ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಸಂಚಕಾರ. ಇಲಿ ಪಾಷಾಣದ ಮಾತು ನಿಜ, ಯುದ್ಧದ ಮಾತು ಸುಳ್ಳು.

1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗದಲ್ಲೂ ಕೆನಡಾದಲ್ಲೂ ಸ್ವೀಟ್ ಕ್ಲೋವರ್ ಎಂಬ ಮೇವು ಬೂಷ್ಟು ಹಿಡಿದಾಗ, ಅದನ್ನು ತಿಂದ ದನಗಳು ರಕ್ತಸ್ರಾವವಾಗಿ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದೇ ಉಳಿದಿದ್ದ ಅದರ ರಕ್ತವನ್ನೂ, ಕೆಟ್ಟ ಹುಲ್ಲನ್ನೂ ಹೇರಿಕೊಂಡು ಹಿಮದಲ್ಲೇ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಆ ಹುಲ್ಲಿನಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಡೈಕೌಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದೇ ಜಾಡಿನಲ್ಲಿ ಮುಂದೆ ವಾರ್ಫರಿನ್ ಸಿದ್ಧವಾಯಿತು. ಸಂಶೋಧನೆಗೆ ಹಣ ಕೊಟ್ಟದ್ದು ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಶನ್. ಆ ನಾಲ್ಕು ಪದಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ‘ವಾರ್ಫ್’. ಅದಕ್ಕೆ, ಈ ರಾಸಾಯನಿಕಗಳ ಕುಲದ ಹೆಸರಾದ ‘ಕೌಮರಿನ್’ ಪದದ ಬಾಲವನ್ನು ಅಂಟಿಸಿದ್ದಾರೆ, ಅಷ್ಟೇ.

1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದಿತು, 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಮರುವರ್ಷ ಹೃದಯಾಘಾತವಾದಾಗ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು. ಇದನ್ನು ನಿಮ್ಮ ತಂದೆಯವರಿಗೆ ಹೇಳಿ ನೋಡಿ, ಹಟ ಸಡಿಲವಾದೀತು.

ಮರುಪ್ರಶ್ನೆ: ಹೇಳುತ್ತೇನೆ ಸರ್. ಪಕ್ಕದ ಮನೆಯವರ ಚೀಟಿಯಲ್ಲಿ ಅಸೆನೊಕೌಮರಾಲ್ ಎಂದಿದೆ. ಇವೆರಡೂ ಒಂದೇ ಕುಲದವೇ?

ಉತ್ತರ: ಹೌದು, ನಡುವಿನ ‘ಕೌಮರ್’ ಅದರ ಗೋತ್ರವನ್ನು ಹೇಳಿಬಿಡುತ್ತದೆ. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಟೋಂಕಾ ಮರವನ್ನು ‘ಕುಮರು’ ಎನ್ನುತ್ತಿದ್ದರು. ಅದು ಫ್ರೆಂಚಿನಲ್ಲಿ ‘ಕೂಮಾರೂ’ ಆಗಿ, ಆ ಮರದ ಬೀಜದಿಂದ ತೆಗೆದ ಪರಿಮಳದ ವಸ್ತುವಿಗೆ ಕೌಮರಿನ್ ಎಂಬ ಹೆಸರು ಬಂದಿತು. ಹೊಸದಾಗಿ ಕೊಯ್ದ ಹುಲ್ಲಿನ ಘಮದಲ್ಲಿರುವುದೂ ಅದೇ. ಗೋತ್ರ ಒಂದಾದರೂ ಪ್ರಮಾಣ ಬೇರೆ ಬೇರೆ. ಒಬ್ಬರ ಮಾತ್ರೆ ತೀರಿತೆಂದು ಇನ್ನೊಬ್ಬರ ಡಬ್ಬಿಯಿಂದ ಕಡ ತರಬೇಡಿ.